ಹಳೇ ಲ್ಯಾಪ್‌ಟಾಪ್, ಉಳಿದ ಸ್ಕ್ರೂ

ಅಣ್ಣ ಬಳಸಿ ಬಿಟ್ಟ ಲ್ಯಾಪ್‌ಟಾಪ್ ನನ್ನದು. ಆನ್ ಮಾಡಿ, ಕಾಫಿ ಕುಡಿದು ಬಂದರೂ ಪರದೆ ಮೇಲೆ ಚಕ್ರ ತಿರುಗುತ್ತಲೇ ಇರುತ್ತಿತ್ತು. ಹೊಸದು ತಗೋ ಅಂದರು ಎಲ್ಲರೂ. ದುಡ್ಡು ಯಾರು ಕೊಡಬೇಕು?

ನಿನ್ನೆ ಬೆಂಗಳೂರಿನ ಕಂಪ್ಯೂಟರ್ ಸಂತೆ ಎಸ್‌.ಪಿ. ರೋಡಿಗೆ ಹೋಗಿ ಫೈಲ್ ಎಲ್ಲ ಇಡುವ 256 ಜಿಬಿ ಎಸ್‌ಎಸ್‌ಡಿ ತಂದೆ. ಹಳೇ ಹಾರ್ಡ್ ಡಿಸ್ಕ್ ಬಿಚ್ಚಿ ಅದನ್ನು ಕೂರಿಸಿದೆ. ಪಾಪ, ಹಳೇದಕ್ಕೆ ನಿಮಿಷಕ್ಕೆ 5400 ಸುತ್ತು ತಿರುಗುವ ತಟ್ಟೆಯ ಮೇಲೆ ಫೈಲ್ ಹುಡುಕುವ ಕೆಲಸ. ಎಸ್‌ಎಸ್‌ಡಿಯಲ್ಲಿ ತಿರುಗುವಂಥದ್ದು ಏನೂ ಇಲ್ಲ, ಬರೀ ಚಿಪ್. ಅದರ ಮೇಲೆ ವಿಂಡೋಸ್ ಬದಲು ಬಳಸುವ ಲಿನಕ್ಸ್ ಮಿಂಟ್ ಅನ್ನೋ ಆಪರೇಟಿಂಗ್ ಸಿಸ್ಟಮ್ ಹಾಕಿದೆ. ಈಗ ಕಾಫಿ ಲೋಟ ಕೈಗೆತ್ತಿಕೊಳ್ಳುವಷ್ಟರಲ್ಲಿ ರೆಡಿ!

ನಾವು ಸುಮ್ನೆ ಪ್ರೊಸೆಸರ್ ಹೆಸರಿಗೆ ಮರುಳಾಗುತ್ತೇವೆ. ಒಳಗಿನ ಡಿಸ್ಕ್ ಯಾವುದು ಅಂತ ಎಷ್ಟು ಜನ ಕೇಳುತ್ತಾರೆ, ಅಲ್ವಾ?

ಅಂದಹಾಗೆ, ಒಂದು ಸ್ಕ್ರೂ ಉಳಿದಿದೆ. ಎಲ್ಲಿಯದೋ ಏನೋ.