ಸೋಮವಾರದ ಮಳೆ ಯಾವತ್ತಿನದು? ಹೊಗೆ–ಮಳೆ ಪ್ರಾಜೆಕ್ಟ್, ಮೂರನೇ ಕಂತು

ಕೆಲಸದ ದಿನ, ರಜೆಯ ದಿನ ಎಂದು ಹೊಗೆ ಏರಿಳಿದರೆ ಮಳೆಯೂ ಅದೇ ವಾರದ ಲಯ ಹಿಡಿಯುತ್ತದೆಯೇ ಎಂದು ನಾವೇ ಅಳೆದು ನೋಡುವುದು ಈ ಪ್ರಾಜೆಕ್ಟ್. ಮಳೆಮಾಪಕ ಈಗ ನಂಬುವ ಮಟ್ಟಕ್ಕೆ ಬಂದಿದೆ. ಅದರ ಬಾಯಿ 200 ಮಿ.ಮೀ. ವ್ಯಾಸ, ಅಂದರೆ 314 ಚದರ ಸೆಂ.ಮೀ. ಒಳಗಿನ ಪುಟ್ಟ ಬಕೆಟ್ ತುಂಬಿ ಒಂದು ಸಲ ಮಗುಚಿದರೆ 0.2 ಮಿ.ಮೀ. ಮಳೆ ಎನ್ನಬೇಕಾದರೆ ಅದರಲ್ಲಿ 6.28 ಮಿ.ಲೀ. ನೀರಿರಬೇಕು. ತಳದಲ್ಲಿ ಸೂಜಿ ತೂತು ಮಾಡಿದ ಬಾಟಲಿಯಿಂದ 628 ಮಿ.ಲೀ. ನೀರನ್ನು ಒಂದು ಗಂಟೆಯಷ್ಟು ನಿಧಾನಕ್ಕೆ ಇಳಿಸಿದರೆ ಎಣಿಕೆ 100 ಬರಬೇಕು. ಹೆಚ್ಚು ಬಂತೋ, ಬಕೆಟ್ ಬೇಗ ಮಗುಚುತ್ತಿದೆ. ಕೆಳಗಿನ ಎರಡೂ ಸ್ಕ್ರೂಗಳನ್ನು ಸಮನಾಗಿ ಕಾಲು ಸುತ್ತು ಇಳಿಸಿ ಮತ್ತೆ ಅಳೆಯಬೇಕು. ಮಗುಚಿದ್ದನ್ನು ಎಣಿಸುವ ರೀಡ್ ಸ್ವಿಚ್ (ಅಯಸ್ಕಾಂತ ಹತ್ತಿರ ಬಂದರೆ ಕೂಡುವ ಸ್ವಿಚ್) ಒಂದೇ ಮಗುಚನ್ನು ಎರಡು ಮೂರು ಸಲ ಎಣಿಸುವ ಚಾಳಿಯದ್ದು. ಮೊದಲ ಸಿಗ್ನಲ್ ಬಂದ ಮೇಲೆ 100 ಮಿಲಿಸೆಕೆಂಡ್ ಕಿವಿ ಮುಚ್ಚಿಕೊಳ್ಳುವಂತೆ ಕೋಡ್ ಬರೆದರೆ ಸಾಕು.

ತಲೆನೋವು ಪಿಎಂ 2.5, ಅಂದರೆ 2.5 ಮೈಕ್ರಾನಿಗಿಂತ ಸಣ್ಣ ಹೊಗೆ–ಧೂಳಿನ ಕಣಗಳನ್ನು ಲೇಸರ್ ಬೆಳಕಿನಿಂದ ಅಳೆಯುವ ಸೆನ್ಸರಿನದು. ನಮ್ಮ ಸೆನ್ಸರ್ ಪಿಎಂಎಸ್ 5003ಕ್ಕೆ 5 ವೋಲ್ಟ್ ಬೇಕು, ಡೇಟಾ ಪಿನ್ ಮಾತ್ರ 3.3 ವೋಲ್ಟಿನದು. ಹಾಗಾಗಿ ಅಂಕಿಗಳನ್ನು ಓದುವ ಪುಟ್ಟ ಕಂಪ್ಯೂಟರ್ ಬೋರ್ಡ್ ಇಎಸ್‌ಪಿ 32ಕ್ಕೆ ನೇರವಾಗಿ ಕೂರುತ್ತದೆ. ಫ್ಯಾನ್ ಶುರುವಾದ ಮೊದಲ 30 ಸೆಕೆಂಡಿನ ಅಂಕಿಗಳನ್ನು ಎಸೆಯಿರಿ. ನಿಜವಾದ ಮೋಸ ಇರುವುದು ತೇವಾಂಶದಲ್ಲಿ. ಆರ್ದ್ರತೆ ಶೇ. 80 ದಾಟಿತೆಂದರೆ ಕಣಗಳು ನೀರು ಹೀರಿ ಉಬ್ಬುತ್ತವೆ, ಹೆಚ್ಚು ಬೆಳಕು ಚದುರಿಸುತ್ತವೆ, ಲೇಸರ್ ಅದನ್ನೇ ಹೊಗೆ ಎಂದು ಬರೆದುಕೊಳ್ಳುತ್ತದೆ. ಮಳೆ ಬರುವ ಮೊದಲು ಗಾಳಿ ತೇವವಾಗುವುದು ಸಹಜವಲ್ಲವೇ? ಗ್ರಾಫಿನಲ್ಲಿ ‘ಹೊಗೆ ಏರಿತು, ಆಮೇಲೆ ಮಳೆ ಬಂತು’ ಎಂದು ಚೆಂದವಾಗಿ ಕಾಣುತ್ತದೆ, ಅಷ್ಟೂ ಸುಳ್ಳು. ತಿದ್ದುವ ಸೂತ್ರಗಳು ಕಣ ಯಾವುದರದ್ದು ಎಂಬುದರ ಮೇಲೆ ನಿಂತಿವೆ. ಅದಕ್ಕಿಂತ ಆರ್ದ್ರತೆ ಶೇ. 85 ಮೀರಿದ ಗಂಟೆಗಳನ್ನೂ ಮಳೆ ಸುರಿದ ಗಂಟೆಗಳನ್ನೂ ಕೈಬಿಟ್ಟು, ಪ್ರತಿ ದಿನ ಮಧ್ಯಾಹ್ನ 2ರಿಂದ 5ರ ಮಧ್ಯಾಂಕವನ್ನಷ್ಟೇ (ಅಂಕಿಗಳನ್ನು ಏರಿಕೆಯಲ್ಲಿ ಜೋಡಿಸಿದಾಗ ನಟ್ಟನಡುವೆ ಬರುವುದು) ಹೋಲಿಸುವುದು ಲೇಸು. ಮಳೆ ಕಣಗಳನ್ನು ತೊಳೆದುಹಾಕುತ್ತದೆ. ಭಾನುವಾರಗಳಲ್ಲಿ ಆಕಸ್ಮಿಕವಾಗಿ ಹೆಚ್ಚು ಮಳೆಯಾಗಿದ್ದರೂ ‘ರಜೆಯ ದಿನ ಗಾಳಿ ಶುದ್ಧ’ ಎಂದೇ ಅನ್ನಿಸೀತು.

ಹಳೆಯ ಮಳೆ ದಾಖಲೆ ಸೇರಿಸುವವರು ಇಲ್ಲಿ ಎಡವುತ್ತಾರೆ: ಬೆಳಗ್ಗೆ ಓದುವ ಮಾಪಕದಲ್ಲಿ ‘ಸೋಮವಾರ’ ಎಂದು ಬರೆದದ್ದರ ಬಹುಪಾಲು ಭಾನುವಾರದ ಮಳೆ. ಭಾನುವಾರ ಓದದೆ ಸೋಮವಾರ ಎರಡು ದಿನದ್ದನ್ನು ಒಟ್ಟಿಗೆ ಬರೆದ ಪುಟಗಳಿದ್ದರೆ ವಾರದ ಲಯ ಮೋಡದಲ್ಲಲ್ಲ, ಓದುವವರ ರಜೆಯಲ್ಲಿದೆ.

ಇನ್ನು ಲೆಕ್ಕ. ಮಳೆ ಬರುವ ಸಾಧ್ಯತೆ ದಿನಕ್ಕೆ ಶೇ. 30, ದಿನಗಳಿಗೆ ಒಂದಕ್ಕೊಂದು ಸಂಬಂಧವಿಲ್ಲ ಎಂದಿಟ್ಟುಕೊಳ್ಳಿ. ವರ್ಷಕ್ಕೆ 52 ಸೋಮವಾರ, 52 ಮಂಗಳವಾರ, ಹೀಗೆ ಪ್ರತಿ ವಾರಕ್ಕೂ 52 ದಿನ, ಪ್ರಮಾಣಿತ ದೋಷ (ಆಕಸ್ಮಿಕದಿಂದ ಲೆಕ್ಕ ಅತ್ತಿತ್ತ ಓಲಾಡುವ ಅಳತೆ) ಸುಮಾರು 6.4 ಶೇಕಡಾ ಅಂಶ. ಸೋಮದಿಂದ ಭಾನುವರೆಗಿನ ಏಳು ವಾರಗಳಲ್ಲಿ ಅತಿ ಹೆಚ್ಚು ಮತ್ತು ಅತಿ ಕಡಿಮೆಯ ನಡುವೆ ಬರೀ ಆಕಸ್ಮಿಕದಿಂದಲೇ ಸರಾಸರಿ 17 ಅಂಶದ ಅಂತರ! ಹತ್ತು ವರ್ಷದ ದತ್ತಾಂಶವಿದ್ದರೂ 5 ಅಂಶ ಉಳಿಯುತ್ತದೆ. ಒಂದು ವರ್ಷದ ಬಾರ್ ಚಾರ್ಟ್ ತೋರಿಸಿ ‘ಗುರುವಾರ ಮಳೆ ಜಾಸ್ತಿ’ ಎನ್ನುವುದು ಕಣಿ ಹೇಳಿದ ಹಾಗೆ.

ಪಂಡಿತರಲ್ಲೂ ಒಮ್ಮತವಿಲ್ಲ. 1998ರಲ್ಲಿ ಸಂಶೋಧಕರಾದ ಸರ್ವೆನಿ ಮತ್ತು ಬಾಲಿಂಗ್ ವಾಯವ್ಯ ಅಟ್ಲಾಂಟಿಕ್ ಕರಾವಳಿಯ ಮಳೆಯಲ್ಲಿ ವಾರದ ಲಯ ಕಂಡರು. 2007ರಲ್ಲಿ ಶುಲ್ಟ್ಸ್ ತಂಡ ಅಮೆರಿಕದ 219 ಕೇಂದ್ರಗಳ ದಾಖಲೆ ಜಾಲಾಡಿ ಏನೂ ಇಲ್ಲ ಎಂದಿತು. ಮರುವರ್ಷವೇ ಬೆಲ್ ತಂಡ ಉಪಗ್ರಹದ ಮಾಹಿತಿಯಿಂದ ಆಗ್ನೇಯ ಅಮೆರಿಕದ ಬೇಸಿಗೆಯಲ್ಲಿ ವಾರದ ನಡುವೆ ಮಳೆ ಹೆಚ್ಚು ಎಂದಿತು. ಕಾರಣವೂ ಎರಡು ಬಾಯಿಯ ಕತ್ತಿ. ಕಣ ಹೆಚ್ಚಿದರೆ ಅದೇ ನೀರು ಹೆಚ್ಚು ಹನಿಗಳಿಗೆ ಹಂಚಿಹೋಗಿ ಹನಿ ಚಿಕ್ಕದಾಗುತ್ತದೆ, ತಗ್ಗು ಮೋಡ ಸುರಿಯುವುದಿಲ್ಲ. ಎತ್ತರದ ಗುಡುಗು ಮೋಡದಲ್ಲಿ ಅದೇ ಪುಟ್ಟ ಹನಿಗಳು ಮೇಲೇರಿ ಹೆಪ್ಪುಗಟ್ಟಿ, ಹೊರಬಿಟ್ಟ ಶಾಖದಿಂದ ಮೋಡ ಇನ್ನಷ್ಟು ಉಬ್ಬೀತು ಎಂಬುದು ವಾದ. ಎರಡನ್ನೂ ಕೂಡಿಸಿ ಸರಾಸರಿ ತೆಗೆದರೆ ಒಂದನ್ನೊಂದು ನುಂಗುತ್ತವೆ. ಹಾಗಾಗಿ ಗಂಟೆಗೆ 10 ಮಿ.ಮೀ. ಮೀರಿದ ಮಧ್ಯಾಹ್ನದ ಮಳೆಗೆ ಬೇರೆ ಕಡತ ಮಾಡಿದ್ದೇವೆ.

ಮುಂದಿನ ಕೆಲಸ: ಅದೇ ದತ್ತಾಂಶವನ್ನು 6 ದಿನದ, 8 ದಿನದ ಕೃತಕ ‘ವಾರ’ಗಳಿಗೂ ಮಡಚುವುದು, ಅಂದರೆ ಏಳರ ಬದಲು ಆರಾರು, ಎಂಟೆಂಟು ದಿನದ ಸುತ್ತುಗಳಾಗಿ ಜೋಡಿಸಿ ನೋಡುವುದು. ಕೋಡಿನಲ್ಲಿ ಭಾಗಿಸುವ ಅಂಕಿ ಬದಲಿಸಿದರಾಯಿತು. 8 ದಿನದ ವಾರದಲ್ಲೂ ಅಷ್ಟೇ ಎತ್ತರದ ಶಿಖರ ಬಂದರೆ 7ರ ಶಿಖರಕ್ಕೆ ಕವಡೆ ಕಿಮ್ಮತ್ತಿಲ್ಲ.