ಟಿಪ್ಪಣಿ ಮುಚ್ಚಿ, ಊರನ್ನು ನೆನೆದು ಬರೆಯಿರಿ: ಸಮಾಜಶಾಸ್ತ್ರದ ಪುನರಾವರ್ತನೆ ಕುರಿತು

ಪರೀಕ್ಷೆ ಹತ್ತಿರವಾದಂತೆ ನಮ್ಮ ಸಮಾಜಶಾಸ್ತ್ರದ ವಿದ್ಯಾರ್ಥಿಗಳು ನೋಟ್ಸನ್ನು ತಿರುತಿರುಗಿ ಓದುತ್ತಾರೆ, ಸಾಲುಗಳಿಗೆ ಬಣ್ಣ ಬಳಿಯುತ್ತಾರೆ, ವ್ಯಾಖ್ಯೆಗಳನ್ನು ಬಾಯಿಪಾಠ ಮಾಡುತ್ತಾರೆ. ಓದುತ್ತಿರುವಾಗ ಎಲ್ಲವೂ ತಿಳಿದಂತೆಯೇ ಇರುತ್ತದೆ. ಖಾಲಿ ಹಾಳೆಯ ಮುಂದೆ ಕುಳಿತಾಗ ಮಾತ್ರ ಎರಡನೆಯ ವಾಕ್ಯಕ್ಕೇ ಪೆನ್ನು ನಿಂತುಬಿಡುತ್ತದೆ. ಆದ್ದರಿಂದ ಪುನರಾವರ್ತನೆಯ ಬಹುಪಾಲು ಸಮಯವನ್ನು ನೋಟ್ಸ್ ಮುಚ್ಚಿಟ್ಟು ಬರೆಯುವುದಕ್ಕೆ ಕೊಡಬೇಕೆಂದು ನಾನು ತರಗತಿಯಲ್ಲಿ ಒತ್ತಿ ಹೇಳುತ್ತೇನೆ.

ಈ ವಿಷಯದಲ್ಲಿ ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ಅವರ ಅನುಭವವನ್ನು ವಿದ್ಯಾರ್ಥಿಗಳು ತಿಳಿದಿರಬೇಕು. ತಾವು ರಾಮಪುರವೆಂದು ಕರೆದ ಮೈಸೂರು ಸೀಮೆಯ ಹಳ್ಳಿಯಲ್ಲಿ ಅವರು 1948ರಲ್ಲಿ ಕ್ಷೇತ್ರಕಾರ್ಯ ನಡೆಸಿದ್ದರು. 1970ರ ಏಪ್ರಿಲ್‌ನಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಅವರಿದ್ದ ಅಧ್ಯಯನ ಕೇಂದ್ರಕ್ಕೆ ಕಿಡಿಗೇಡಿಗಳು ಬೆಂಕಿ ಹಚ್ಚಿದಾಗ, ವರ್ಷಗಟ್ಟಲೆ ಶ್ರಮಿಸಿ ಸಂಸ್ಕರಿಸಿದ್ದ ಟಿಪ್ಪಣಿಗಳ ಮೂರೂ ಪ್ರತಿಗಳು ಸುಟ್ಟುಹೋದವು. ಆಗ ಅವರು ಮುಖ್ಯವಾಗಿ ನೆನಪನ್ನೇ ಆಧರಿಸಿ ಬರೆದ ‘ದ ರಿಮೆಂಬರ್ಡ್ ವಿಲೇಜ್’ 1976ರಲ್ಲಿ ಪ್ರಕಟವಾಯಿತು. ಕಂಡ ಜನ, ನಡೆದ ಜಗಳ, ಹೊಲಗದ್ದೆಗಳೊಡನೆ ಬೆಸೆದುಕೊಂಡಿದ್ದರಿಂದಲೇ ಆ ಹಳ್ಳಿಯ ರಚನೆ ಅವರ ಮನಸ್ಸಿನಲ್ಲಿ ಉಳಿದಿತ್ತೆಂದು ನಾನು ನಂಬುತ್ತೇನೆ.

ವಿದ್ಯಾರ್ಥಿಗಳೂ ಪರಿಕಲ್ಪನೆಗಳನ್ನು ಹೀಗೆಯೇ ತಮ್ಮ ಊರಿಗೆ ಬೆಸೆದುಕೊಳ್ಳಬಹುದು. ಊರಿನಲ್ಲಿ ಮೇಲುಗೈ ಹೊಂದಿರುವ ಜಾತಿ ಎಂಬ ಅರ್ಥದ ‘ಪ್ರಬಲ ಜಾತಿ’ಯನ್ನು ತೆಗೆದುಕೊಳ್ಳಿ. ಸಂಖ್ಯಾಬಲ, ಭೂಒಡೆತನ, ರಾಜಕೀಯ ಅಧಿಕಾರ, ಜಾತಿ ಶ್ರೇಣಿಯಲ್ಲಿ ತೀರಾ ಕೆಳಗಿರದ ಸ್ಥಾನ, ಆಧುನಿಕ ಶಿಕ್ಷಣ ಮತ್ತು ಉದ್ಯೋಗ ಎಂಬ ಲಕ್ಷಣಗಳನ್ನು ನೆನಪಿನಿಂದ ಬರೆದು, ಪ್ರತಿಯೊಂದರ ಎದುರು ನಿಮ್ಮ ಊರಿನ ಸಂಗತಿಯನ್ನು ನಮೂದಿಸಿ: ಕೆರೆ ಕೆಳಗಿನ ಗದ್ದೆ ಯಾರದು, ಪಂಚಾಯಿತಿಯಲ್ಲಿ ಯಾರ ಮಾತು ನಡೆಯುತ್ತದೆ, ಮೊದಲು ಸರ್ಕಾರಿ ನೌಕರಿ ಹಿಡಿದವರು ಯಾವ ಮನೆಯವರು. ಕಸುಬಿನವರ ಸೇವೆಗೆ ರೈತರು ಧಾನ್ಯ ಕೊಡುತ್ತಿದ್ದ ಜಜಮಾನಿ ಪದ್ಧತಿಗೆ ಮನೆಯ ಹಿರಿಯರೇ ಆಕರ. ಸುಗ್ಗಿಯಲ್ಲಿ ಕಣಕ್ಕೆ ಬಂದ ಕಮ್ಮಾರ, ಮಡಿವಾಳ, ಕ್ಷೌರಿಕ, ನೀರುಗಂಟಿ ಮೊದಲಾದವರಿಗೆ ವರ್ಷದ ದುಡಿಮೆಗೆಂದು ರಾಗಿ ಇಲ್ಲವೇ ಭತ್ತದ ಆಯವನ್ನು ಅಳೆದುಕೊಟ್ಟಿದ್ದನ್ನು ಕಂಡ ಅಜ್ಜ, ಅಜ್ಜಿಯರು ಇನ್ನೂ ಇದ್ದಾರೆ. ಯಾರಿಗೆ ಎಷ್ಟು ಸಲ್ಲುತ್ತಿತ್ತು, ಯಾರು ಕಣದ ಅಂಚಿನಲ್ಲೇ ನಿಲ್ಲಬೇಕಿತ್ತು, ಆ ಪದ್ಧತಿ ಯಾವಾಗ ನಿಂತಿತು ಎಂದು ಕೇಳಿ ಬರೆದುಕೊಂಡ ವಿದ್ಯಾರ್ಥಿಗೆ ಪರಸ್ಪರಾವಲಂಬನೆಯೂ ಶೋಷಣೆಯೂ ಒಟ್ಟಿಗೇ ಅರ್ಥವಾಗುತ್ತವೆ.

ಬಂಧುತ್ವದ ಅಧ್ಯಾಯಕ್ಕೆ ಚಿತ್ರವೇ ಸರಿ. ಗಂಡಿಗೆ ತ್ರಿಕೋನ, ಹೆಣ್ಣಿಗೆ ವೃತ್ತ, ಮದುವೆಗೆ ಸಮಚಿಹ್ನೆ ಹಾಕಿ ನಿಮ್ಮ ಮನೆಯ ಮೂರು ತಲೆಮಾರುಗಳ ನಕ್ಷೆ ಬರೆಯಿರಿ. ಸೋದರಮಾವನ ಅಥವಾ ಸೋದರತ್ತೆಯ ಮಕ್ಕಳೊಡನೆ ಮದುವೆಯಾದವರು ಅದರಲ್ಲಿದ್ದರೆ ಆ ಗೆರೆಯನ್ನು ಬೇರೆ ಬಣ್ಣದಲ್ಲಿ ಎಳೆಯಿರಿ. ಚಿಕ್ಕಪ್ಪ, ದೊಡ್ಡಪ್ಪನ ಮಕ್ಕಳ ನಡುವೆ ಅಂಥ ಗೆರೆ ಏಕಿಲ್ಲವೆಂದು ಯೋಚಿಸಿ. ಮಾನವಶಾಸ್ತ್ರಜ್ಞೆ ಇರಾವತಿ ಕರ್ವೆಯವರು 1953ರ ತಮ್ಮ ಗ್ರಂಥದಲ್ಲಿ ಉತ್ತರ, ದಕ್ಷಿಣ ಭಾರತದ ಬಂಧುತ್ವಗಳ ನಡುವೆ ಗುರುತಿಸಿದ ವ್ಯತ್ಯಾಸವನ್ನು ಇದಾದ ಮೇಲೆ ಓದಿದರೆ ಅದು ಸುಲಭವಾಗಿ ಮರೆಯುವುದಿಲ್ಲ.

ಚಿಂತಕರ ಅಧ್ಯಾಯಕ್ಕೆ ಜೊತೆಗಾರರು ಬೇಕು. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಮಿಕರ ಕುರಿತ ಒಂದು ಪತ್ರಿಕಾ ವರದಿಯನ್ನು ಮುಂದಿಟ್ಟುಕೊಂಡು ಒಬ್ಬರು ಮಾರ್ಕ್ಸ್‌ರ ಪರಕೀಯತೆಯಿಂದ (ದುಡಿಯುವವರು ತಮ್ಮ ದುಡಿಮೆಗೂ ಅದರ ಫಲಕ್ಕೂ ಹೊರಗಿನವರಾಗುವುದು), ಇನ್ನೊಬ್ಬರು ಡರ್ಖೀಮ್‌ರ ಶ್ರಮವಿಭಜನೆಯಿಂದ, ಮತ್ತೊಬ್ಬರು ವೇಬರ್‌ರ ವರ್ಗ ಮತ್ತು ಅಂತಸ್ತಿನ ವಿಚಾರದಿಂದ ಅದನ್ನು ವಿವರಿಸಲಿ. ಅನಂತರ ಪಾತ್ರಗಳು ಅದಲುಬದಲಾಗಲಿ.

ಒಂದು ಎಚ್ಚರಿಕೆ ಅಗತ್ಯ. ಊರಿನ ಉದಾಹರಣೆ ವ್ಯಾಖ್ಯೆಯ ಸ್ಥಾನವನ್ನು ತುಂಬುವುದಿಲ್ಲ. ಒಂದು ಊರಿನಲ್ಲಿ ಕಂಡದ್ದು ಇಡೀ ಭಾರತಕ್ಕೆ ಅನ್ವಯಿಸುವುದೂ ಇಲ್ಲ. ಉತ್ತರದಲ್ಲಿ ಮೊದಲು ವ್ಯಾಖ್ಯೆ ಮತ್ತು ಚಿಂತಕರ ಹೆಸರು, ಬಳಿಕ ಲಕ್ಷಣಗಳು, ಅವುಗಳಲ್ಲಿ ಒಂದೆರಡಕ್ಕೆ ಮಾತ್ರ ನಿಮ್ಮ ಉದಾಹರಣೆ ಬರಲಿ. ಹೀಗೆ ಬರೆದದ್ದನ್ನು ಪಠ್ಯಪುಸ್ತಕದೊಡನೆ ಹೋಲಿಸಿ, ಬಿಟ್ಟುಹೋದ ಅಂಶವನ್ನು ಅಂಚಿನಲ್ಲಿ ಗುರುತು ಮಾಡಿಕೊಂಡು, ಮರುದಿನ ಆ ಅಂಶದಿಂದಲೇ ಬರೆಯಲು ತೊಡಗಿ.