ತಾಮ್ರದ ದುಡ್ಡು, ಕೊಡಗಿನ ಮಳೆ

ಹಳೆಯ ತಾಮ್ರದ ನಾಣ್ಯಗಳನ್ನು ಶುಚಿ ಮಾಡಿ, ಮತ್ತೆ ಕೆಡದಂತೆ ನೋಡಿಕೊಳ್ಳುವುದು ನನ್ನ ಕೆಲಸ. ಮಡಿಕೇರಿಯಲ್ಲಿ ಕೂತು ಇದನ್ನು ಮಾಡುವವರಿಗೆ ವರ್ಷದಲ್ಲಿ ಎರಡೇ ಕಾಲ. ನಾಣ್ಯ ಮುಟ್ಟಬಹುದಾದ ಕಾಲ, ಮುಟ್ಟದೆ ಸುಮ್ನೆ ಇರಬೇಕಾದ ಕಾಲ. ಜನ ನಾಣ್ಯ ತರುವುದು ಮಾತ್ರ ಎರಡನೆಯದರಲ್ಲೇ ಜಾಸ್ತಿ. ಮಳೆಗೆ ತೋಟದ ಮಣ್ಣು ಕೊಚ್ಚಿಹೋಗಿ ಒಂದೆರಡು ದುಡ್ಡು ಮೇಲೆ ಬಂದಿರುತ್ತವೆ. ಇಲ್ಲವೇ ಹೊರಗೆ ಹೋಗಲಾಗದ ಆಟಿ ತಿಂಗಳಲ್ಲಿ ಯಾರೋ ಐನ್‌ಮನೆಯ, ಅಂದರೆ ಕುಲದ ಮೂಲಮನೆಯ, ಹಳೆ ಪೆಟ್ಟಿಗೆ ಬಿಚ್ಚಿರುತ್ತಾರೆ.

ಬರುವ ನಾಣ್ಯಗಳಲ್ಲಿ ಹೆಚ್ಚಿನವು ಮೂರು ಬಗೆ. ಟಿಪ್ಪುವಿನ ಆನೆ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಮಯಿಲಿ ಕಾಸು, ಕಂಪನಿಯ 1835ರ ಕಾಲಾಣೆ. 1834ರಲ್ಲಿ ಕೊಡಗು ಕಂಪನಿಯ ಕೈಗೆ ಹೋಯಿತಲ್ಲ, ಆಮೇಲೆ ಕಾಲಾಣೆ ಇಲ್ಲಿಗೂ ಬಂದಿರುವುದು ಸಹಜ. ಟಿಪ್ಪು ಅಂದ ಕೂಡಲೇ ನಮ್ಮ ಊರಲ್ಲಿ ಮಾತು ಬೇರೆ ಕಡೆ ಹೋಗುತ್ತದೆ. ನನ್ನ ಮೇಜಿನ ಮೇಲೆ ಅದು ತಾಮ್ರ ಅಷ್ಟೇ.

ಎಲ್ಲರೂ ಕೇಳುವುದು ಒಂದೇ: "ಇದನ್ನ ಫಳಫಳ ಮಾಡಿ ಕೊಡ್ತೀರಾ?" ಕೊಡುವುದಿಲ್ಲ. ಮಣ್ಣಲ್ಲಿದ್ದ ತಾಮ್ರದ ಮೇಲೆ ಮೊದಲು ಕೆಂಪುಕಂದು ಪದರ ಕೂರುತ್ತದೆ, ಅದು ಕ್ಯೂಪ್ರೈಟ್. ಅದರ ಮೇಲೆ ಹಸಿರು ಮ್ಯಾಲಕೈಟ್. ನೂರಾರು ವರ್ಷ ಹೂತಿದ್ದ ನಾಣ್ಯದಲ್ಲಿ ಅಕ್ಷರ, ಚಿತ್ರ ಎಷ್ಟೋ ಸಲ ಲೋಹದಲ್ಲಿ ಉಳಿದೇ ಇರುವುದಿಲ್ಲ. ಆ ಕೆಂಪು ಪದರದಲ್ಲಿ ಉಳಿದಿರುತ್ತವೆ. ಹುಳಿ ಹಾಕಿ ಉಜ್ಜಿದರೆ ಪದರ ಹೋಗುತ್ತದೆ, ಜೊತೆಗೆ ಆನೆಯೂ ಹೋಗುತ್ತದೆ. ಕೈಗೆ ಬರುವುದು ಗುಲಾಬಿ ಬಣ್ಣದ ಬಿಲ್ಲೆ. ಸಂಗ್ರಹಕಾರರೂ ಅಂಥದ್ದನ್ನು ನೋಡಿದ ತಕ್ಷಣ ಬೆಲೆ ಇಳಿಸುತ್ತಾರೆ.

ಹುಣಸೆಹಣ್ಣು, ನಿಂಬೆ, ಪೀತಾಂಬರಿ ಎಲ್ಲ ಕಡೆ ಇದ್ದದ್ದೇ. ನಮ್ಮಲ್ಲಿ ಇನ್ನೊಂದಿದೆ, ಕಾಚಂಪುಳಿ ಅನ್ನುವ ಕಪ್ಪು ಹುಳಿರಸ. ಪಂದಿ ಕರಿಗೆ ಅದರ ಮುಂದೆ ಇನ್ನೊಂದಿಲ್ಲ, ಒಪ್ಪುತ್ತೇನೆ. ನಾಣ್ಯಕ್ಕೆ ಬೇಡ. ಸಿದ್ದಾಪುರದ ಕಡೆಯ ಒಂದು ಮನೆಯವರು ಕಾಚಂಪುಳಿಗೆ ಉಪ್ಪು ಸೇರಿಸಿ ಉಜ್ಜಿದ ಕಾಲಾಣೆಗಳನ್ನು ತಂದಿದ್ದರು. ಬೇಸಿಗೆಯಲ್ಲಿ ಉಜ್ಜಿದಾಗ ಹೊಸದರ ಹಾಗೆ ಹೊಳೆದಿದ್ದವಂತೆ. ಮಳೆಗಾಲ ಕಳೆಯುವಷ್ಟರಲ್ಲಿ ಮೈತುಂಬ ತಿಳಿಹಸಿರು ಪುಡಿ.

ಆ ಪುಡಿಯೇ ನಿಜವಾದ ತೊಂದರೆ. ಇದಕ್ಕೆ ಕಂಚಿನ ರೋಗ ಅನ್ನುತ್ತಾರೆ, ಶುದ್ಧ ತಾಮ್ರಕ್ಕೂ ಬರುತ್ತದೆ. ಉಪ್ಪಿನಲ್ಲಿರುವ ಕ್ಲೋರೈಡ್ ತಾಮ್ರದ ಒಳಗೆ ಸೇರಿ ಕ್ಯೂಪ್ರಸ್ ಕ್ಲೋರೈಡ್ ಆಗಿ ಕೂತಿರುತ್ತದೆ. ಗಾಳಿ ಮತ್ತು ತೇವ ಸಿಕ್ಕಿದರೆ ಅದು ಹಸಿರು ಪುಡಿಯಾಗಿ ಉಬ್ಬುತ್ತದೆ, ಜೊತೆಗೆ ಹೈಡ್ರೋಕ್ಲೋರಿಕ್ ಆಮ್ಲ ಬಿಡುತ್ತದೆ. ಆ ಆಮ್ಲ ಪಕ್ಕದ ತಾಮ್ರ ತಿಂದು ಮತ್ತೆ ಕ್ಲೋರೈಡ್ ಮಾಡುತ್ತದೆ. ತಡೆಯದಿದ್ದರೆ ನಾಣ್ಯ ತೂತಾಗುವವರೆಗೂ ಇದು ನಡೆಯುತ್ತಲೇ ಇರುತ್ತದೆ. ಕ್ಲೋರೈಡ್ ಎಲ್ಲಿಂದ ಬಂತು ಅಂತ ಕೇಳಿದರೆ ತೋಟದವರಿಗೆ ನಾನು ಗೊಬ್ಬರದ ಚೀಲ ತೋರಿಸುತ್ತೇನೆ. ಕಾಫಿಗೆ ಹಾಕುವ ಪೊಟ್ಯಾಷ್ ಅಂದರೆ ಪೊಟ್ಯಾಸಿಯಂ ಕ್ಲೋರೈಡೇ ಅಲ್ವಾ? ಕೈ ಬೆವರಿನಲ್ಲೂ ಉಪ್ಪಿದೆ. ಕಾಚಂಪುಳಿ ಜೊತೆ ಹಾಕಿದ್ದಂತೂ ಇದ್ದೇ ಇದೆ.

ಗಾಳಿಯ ತೇವಾಂಶ 42 ಶೇಕಡಾಕ್ಕಿಂತ ಕೆಳಗಿದ್ದರೆ ಈ ರೋಗ ಹೆಚ್ಚುಕಡಿಮೆ ಮಲಗಿರುತ್ತದೆ. ಅದು ದಾಟಿದರೆ ಏಳುತ್ತದೆ. ಜುಲೈಯಲ್ಲಿ ಮಡಿಕೇರಿಯ ಮನೆಯೊಳಗೇ 90 ದಾಟುತ್ತದೆ, ಚಪ್ಪಲಿಗೂ ಬೂಷ್ಟು ಬರುತ್ತದೆ. ರೋಗ ಇದೆಯಾ ಅಂತ ನೋಡಲು ಬೇರೆ ಊರಲ್ಲಿ ನಾಣ್ಯವನ್ನು ಒದ್ದೆ ಹತ್ತಿಯ ಜೊತೆ ಡಬ್ಬಿಯಲ್ಲಿ ಮುಚ್ಚಿಡುತ್ತಾರೆ. ಇಲ್ಲಿ ಹತ್ತಿಯ ಖರ್ಚೂ ಬೇಡ, ಕಿಟಕಿ ಪಕ್ಕ ಇಟ್ಟರೆ ಸಾಕು. ಒಳ್ಳೆ ಹಸಿರು ಗಟ್ಟಿಯಾಗಿ, ನಯವಾಗಿ ಕೂತಿರುತ್ತದೆ. ಕೆಟ್ಟ ಹಸಿರು ತಿಳಿಯಾಗಿರುತ್ತದೆ, ಕಡ್ಡಿ ತಾಗಿಸಿದರೆ ಉದುರುತ್ತದೆ, ಒರೆಸಿದ ಜಾಗದಲ್ಲೇ ಮತ್ತೆ ಹುಟ್ಟುತ್ತದೆ.

ಕೆಲಸದ ಮುಕ್ಕಾಲು ಭಾಗ ಸೂಕ್ಷ್ಮದರ್ಶಕದ ಕೆಳಗೆ. ಮೊನ್ನೆ ಮುಗಿಸಿದ ಒಂದು ಆನೆ ಪೈಸೆಯನ್ನೇ ಹೇಳುತ್ತೇನೆ. ತೂಕ ಸುಮಾರು 11 ಗ್ರಾಂ. ಮೊದಲು ಮಣ್ಣು. ಒಂದು ತೊಟ್ಟು ಆಲ್ಕೋಹಾಲ್ ಬಿಟ್ಟು ಮೆತ್ತಗಾದ ಮೇಲೆ ಬಿದಿರಿನ ಕಡ್ಡಿಯಲ್ಲಿ ಎತ್ತಿದೆ. ಆಮೇಲೆ ಹಸಿರು ಗಂಟುಗಳು. ಸರ್ಜರಿಯ ಬ್ಲೇಡಿನ ತುದಿಯನ್ನು ಗಂಟಿನ ಬುಡಕ್ಕೆ ಓರೆಯಾಗಿ ಒತ್ತಿದರೆ ಅದು ಕೆಂಪು ಪದರದಿಂದ ಟಕ್ ಅಂತ ಬಿಡುತ್ತದೆ. ಬಿಡದಿದ್ದರೆ ಬಲ ಹಾಕುವ ಹಾಗಿಲ್ಲ, ಬೇರೆ ಬದಿಯಿಂದ ಬರಬೇಕು. ಟಿಪ್ಪುವಿನ ಕೊನೆಯ ವರ್ಷಗಳ ಪೈಸೆಗಳಲ್ಲಿ ಆನೆಯ ಮೇಲ್ಗಡೆ ಒಂದು ಪುಟ್ಟ ಪಾರ್ಸಿ ಅಕ್ಷರ ಇರುತ್ತದೆ, ಅದು ವರ್ಷದಿಂದ ವರ್ಷಕ್ಕೆ ಬದಲಾಗುತ್ತದೆ. ಈ ಪೈಸೆಯಲ್ಲಿ ಆ ಜಾಗದಲ್ಲೇ ಗಂಟು. ಅದು ಎದ್ದ ಮೇಲೆ ಕೆಳಗೆ ಅಕ್ಷರ ಕಂಡಿತು, ಎತ್ತರ ಒಂದು ಕೂದಲಿನಷ್ಟೂ ಇಲ್ಲ. ಹುಣಸೆಹಣ್ಣಿಗೆ ಅದನ್ನು ಅಳಿಸುವುದು ಒಂದು ಗಂಟೆಯ ಕೆಲಸವೂ ಅಲ್ಲ.

ಸೊಂಡಿಲಿನ ಪಕ್ಕ ಒಂದು ಗುಳಿ ಇತ್ತು. ಪುಡಿ ಕೆದರಿದಾಗ ತಳದಲ್ಲಿ ಮೇಣದ ಥರ ಮೆತ್ತಗಿನ ಬೂದು ವಸ್ತು. ಅದೇ ಕ್ಯೂಪ್ರಸ್ ಕ್ಲೋರೈಡ್. ಸೂಜಿಯಲ್ಲಿ ಸಾಧ್ಯವಾದಷ್ಟು ತೆಗೆದು, ಸಿಲ್ವರ್ ಆಕ್ಸೈಡ್ ಪುಡಿಯನ್ನು ಆಲ್ಕೋಹಾಲಿನಲ್ಲಿ ಕಲಸಿ ತುಂಬಿದೆ. ಉಳಿದ ಕ್ಲೋರೈಡ್ ಜೊತೆ ಸೇರಿ ಅದು ಸಿಲ್ವರ್ ಕ್ಲೋರೈಡ್ ಆಗಿ ಗುಳಿಗೆ ಬಿರಡೆ ಹಾಕುತ್ತದೆ.

ಗುಳಿ ಒಂದೆರಡಾದರೆ ಇಷ್ಟು ಸಾಕು. ಮೈಯೆಲ್ಲ ರೋಗ ಇದ್ದರೆ ಕ್ಲೋರೈಡನ್ನು ಹೊರಗೆಳೆಯುವ ಸೋಡಿಯಂ ಸೆಸ್ಕ್ವಿಕಾರ್ಬೊನೇಟ್ ದ್ರಾವಣದಲ್ಲಿ ವಾರಗಟ್ಟಲೆ, ಕೆಲವೊಮ್ಮೆ ತಿಂಗಳುಗಟ್ಟಲೆ ನೆನೆಸಬೇಕು. ಆಗಾಗ ದ್ರಾವಣ ಬದಲಿಸಬೇಕು. ಕೊನೆಗೆ ಡಿಸ್ಟಿಲ್ಡ್ ನೀರಿನಲ್ಲಿ ತೊಳೆದು, ಆ ನೀರಿಗೆ ಒಂದು ಹನಿ ನೈಟ್ರಿಕ್ ಆಮ್ಲ, ಒಂದು ಹನಿ ಸಿಲ್ವರ್ ನೈಟ್ರೇಟ್. ಬಿಳಿ ಮೋಡ ಎದ್ದರೆ ಕ್ಲೋರೈಡ್ ಇನ್ನೂ ಬರುತ್ತಿದೆ ಅಂತ ಅರ್ಥ. ಈ ದ್ರಾವಣ ಹಸಿರಿನ ಬಣ್ಣವನ್ನೂ ಬದಲಿಸಬಲ್ಲದು, ಅದಕ್ಕೇ ನಾನು ಬೇರೆ ದಾರಿ ಇಲ್ಲದಾಗ ಮಾತ್ರ ಬಳಸುತ್ತೇನೆ. ಆಲಿವ್ ಎಣ್ಣೆಯಲ್ಲಿ ನೆನೆಸಿ ಅಂತ ವಿಡಿಯೋಗಳಲ್ಲಿ ಹೇಳುತ್ತಾರಲ್ಲ, ಅದರಲ್ಲೂ ಆಮ್ಲ ಇದೆ. ನಿಧಾನ ಅನ್ನುವುದು ಬಿಟ್ಟರೆ ಹುಣಸೆಗಿಂತ ದೊಡ್ಡ ವ್ಯತ್ಯಾಸ ಏನಿಲ್ಲ.

ಆಮೇಲೆ ಅಸಿಟೋನಿನಲ್ಲಿ ಅದ್ದಿ, ಪೂರ್ತಿ ಒಣಗಿಸಿ, ತಾಮ್ರ ಕೆಡದಂತೆ ತಡೆಯುವ ಬೆಂಜೋಟ್ರಯಜೋಲ್. ಆಲ್ಕೋಹಾಲಿನಲ್ಲಿ 3 ಶೇಕಡಾ. ಇದು ವಿಷಕಾರಿ, ಕೈಗವಸು ಇಲ್ಲದೆ, ಗಾಳಿ ಆಡದ ಕೋಣೆಯಲ್ಲಿ ಮುಟ್ಟಲೇಬಾರದು. ಮನೆಯಲ್ಲಂತೂ ಬೇಡವೇ ಬೇಡ. ಕೊನೆಗೆ ಪ್ಯಾರಾಲಾಯ್ಡ್ ಬಿ-72 ಅನ್ನುವ ಪಾರದರ್ಶಕ ರಾಳದ ತೆಳು ಲೇಪ. ನಾಳೆ ಯಾರಿಗಾದರೂ ಬೇಡವೆನಿಸಿದರೆ ಅಸಿಟೋನಿನಲ್ಲಿ ತೆಗೆಯಬಹುದು.

ಇಷ್ಟು ಮಾಡಿ ಕೊಟ್ಟ ನಾಣ್ಯ ಎರಡು ಮಳೆಗಾಲ ಕಳೆದು ಮತ್ತೆ ನನ್ನ ಮೇಜಿಗೆ ಬರುವುದುಂಟು. ಕಾರಣ ಹೆಚ್ಚಾಗಿ ಆಲ್ಬಮ್. ಪಿವಿಸಿ ಪ್ಲಾಸ್ಟಿಕ್ ಹಾಳೆ ಕಾಲಕ್ರಮೇಣ ಅಂಟಂಟಾಗಿ ತಾನೇ ಹೈಡ್ರೋಜನ್ ಕ್ಲೋರೈಡ್ ಬಿಡುತ್ತದೆ. ಮರದ ಪೆಟ್ಟಿಗೆಯೂ ಆಗದು, ಮರ ಆಮ್ಲದ ಆವಿ ಬಿಡುತ್ತದೆ. ಬಿಗಿ ಮುಚ್ಚಳದ ಪಾಲಿಥೀನ್ ಡಬ್ಬಿ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ತೇವಾಂಶ ತೋರಿಸುವ ಒಂದು ಕಾರ್ಡ್. ಮಳೆಗಾಲದಲ್ಲಿ ಜೆಲ್ ಬೇಗ ತುಂಬುತ್ತದೆ. ಬಣ್ಣ ಬದಲಾದ ಕೂಡಲೇ ಓವನ್ನಿನಲ್ಲಿ ಒಣಗಿಸಿ ಮತ್ತೆ ಹಾಕಬೇಕು. ಇನ್ನೊಂದು, ನೆಂಟರು ಬಂದರು ಅಂತ ಕೈಲ್‌ಪೋದ್ ಹಬ್ಬದ ದಿನ ಡಬ್ಬಿ ತೆಗೆಯಬೇಡಿ, ಸೆಪ್ಟೆಂಬರಿನ ಗಾಳಿ ಇನ್ನೂ ಒದ್ದೆ. ಮಳೆ ಕಳೆದ ಮೇಲೆ ಬರುವ ಸುಗ್ಗಿಹಬ್ಬ ಪುತ್ತರಿಗೆ ತೋರಿಸಿ.

ಈಗ ಮಳೆಯಲ್ಲಿ ಒಂದು ದುಡ್ಡು ಸಿಕ್ಕಿದೆ ಅನ್ನುವವರು ತೊಳೆಯಬೇಡಿ, ಉಜ್ಜಬೇಡಿ. ಮಣ್ಣು ಸಮೇತ ಕಾಗದದಲ್ಲಿ ಸುತ್ತಿ, ಸಿಲಿಕಾ ಜೆಲ್ ಜೊತೆ ಡಬ್ಬಿಯಲ್ಲಿ ಮುಚ್ಚಿಡಿ. ಸಿಕ್ಕಿದ ಜಾಗ ಬರೆದಿಡಿ. ಒಂದಲ್ಲ, ಗಡಿಗೆಯೇ ಸಿಕ್ಕಿತು ಅಂದರೆ ನನ್ನ ಹತ್ತಿರ ಅಲ್ಲ, ನಿಧಿ ಕಾಯ್ದೆ ಪ್ರಕಾರ ಮೊದಲು ಸರ್ಕಾರಕ್ಕೆ ತಿಳಿಸಬೇಕು. ಬಿಡಿ ನಾಣ್ಯಗಳನ್ನು ಕಣದಲ್ಲಿ ಕಾಫಿ ಒಣಗುವ ಹೊತ್ತಿಗೆ ತನ್ನಿ, ಆಗ ನೋಡೋಣ.